ಮಳೆಗೆ ಹೆಸರು ಕೊಟ್ಟ ನಕ್ಷತ್ರಗಳು

ಕನ್ನಡದ ಗೋಡೆ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಹಾಳೆ ತೆರೆದು 25ನೇ ತಾರೀಖಿನ ಸುತ್ತ ಸ್ವಲ್ಪ ಹುಡುಕಿದರೆ ಸಾಕು. ಏಕಾದಶಿ, ಸಂಕಷ್ಟಿಗಳ ನಡುವೆ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ ಎರಡು ಪದ ಸಿಗುತ್ತವೆ: ರೋಹಿಣಿ ಮಳೆ. ಎರಡು ವಾರ ಕಳೆದು ಜೂನ್ 8ರ ಹೊತ್ತಿಗೆ ಮೃಗಶಿರಾ, ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಮಿರಗ. ಜೂನ್ 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ಪಟ್ಟಣದವರ ಕಣ್ಣು ಈ ಹೆಸರುಗಳ ಮೇಲೆ ನಿಲ್ಲುವುದು ಕಡಿಮೆ. ಬೀಜ ತಂದಿಟ್ಟುಕೊಂಡು ಹೊಲದ ಕಡೆ ಮುಖ ಮಾಡಿ ಕೂತ ರೈತ ಮಾತ್ರ ಮೊದಲು ನೋಡುವುದು ಅದನ್ನೇ. ರಾಗಿಗೆ ಪುನರ್ವಸು, ಪುಷ್ಯ. ವಿಜಯಪುರದ ಕಪ್ಪು ನೆಲದ ಹಿಂಗಾರಿ ಜೋಳಕ್ಕೆ ಉತ್ತರೆ, ಹಸ್ತ. ಇಡೀ ವರ್ಷದ ದುಡಿಮೆ ಈ ಹೆಸರುಗಳಿಗೆ ಕಟ್ಟಿಕೊಂಡಿದೆ.

ಹೆಸರು ಮಳೆಯದ್ದು, ಲೆಕ್ಕ ಸೂರ್ಯನದ್ದು. ರೋಹಿಣಿ ಮಳೆ ಹುಟ್ಟಿತು ಎಂದರೆ ಸೂರ್ಯ ರೋಹಿಣಿ ನಕ್ಷತ್ರದ ಪಾಲಿನ ಆಕಾಶವನ್ನು ಹೊಕ್ಕ ಎಂದರ್ಥ. ವರ್ಷವಿಡೀ ಸೂರ್ಯ ಸಾಗುವಂತೆ ತೋರುವ ಹಾದಿಯನ್ನು 27 ಸಮಪಾಲು ಮಾಡಿದರೆ ಒಂದೊಂದು ಪಾಲು 13 ಡಿಗ್ರಿ 20 ಕಲೆ (ಡಿಗ್ರಿಯ ಅರವತ್ತರಲ್ಲೊಂದು ಪಾಲು ಒಂದು ಕಲೆ). ಒಂದನ್ನು ದಾಟಲು ಅವನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಅದೇ ಹಾದಿಯನ್ನು 12 ಪಾಲು ಮಾಡಿದರೆ ರಾಶಿಗಳು. ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವ ಗಳಿಗೆ ಸಂಕ್ರಮಣ. ನಕ್ಷತ್ರಗಳನ್ನು ಮೈಲಿಗಲ್ಲು ಮಾಡಿಕೊಂಡು ಸೂರ್ಯನ ಪಯಣವನ್ನು ಅಳೆಯುವ ಈ ಪದ್ಧತಿಗೆ ಪಂಚಾಂಗದವರು ಇಟ್ಟ ಹೆಸರು ನಿರಯನ ಸೌರಮಾನ.

ಕರ್ನಾಟಕದ ಬಹುಪಾಲು ಜನ ತಮ್ಮದು ಚಾಂದ್ರಮಾನ ಎನ್ನುತ್ತಾರೆ. ಯುಗಾದಿ ಚಂದ್ರನ ಲೆಕ್ಕದ್ದೇ, ನಿಜ. ಆದರೆ ಬಿತ್ತನೆಗೆ ಆ ಲೆಕ್ಕ ಒದಗದು. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಹೀಗೆ ಹಿಂದೆ ಮುಂದೆ ಜೀಕುವ ಹಬ್ಬವನ್ನು ನಂಬಿ ಬೀಜ ಚೆಲ್ಲಲು ಯಾರಿಗೆ ಧೈರ್ಯ? ಈ ಮೂರೂ ವರ್ಷ ರೋಹಿಣಿ ಮಳೆ ಮೇ 25ರ ಆಸುಪಾಸನ್ನು ಬಿಟ್ಟು ಕದಲಲಿಲ್ಲ. ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ ಎಂದು ನಮ್ಮ ಹಿರಿಯರು ಎರಡು ಗಡಿಯಾರಗಳನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡಿದ್ದರು. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ”, “ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು” ಎಂಬ ಗಾದೆಗಳು ಎರಡನೆಯ ಗಡಿಯಾರದ ಗಂಟೆಗಳು.

ಮೊದಲನೆಯ ಗಡಿಯಾರವನ್ನೂ ಆಗಾಗ ತಿದ್ದುವುದು ಎರಡನೆಯದೇ. ಚಾಂದ್ರಮಾನದ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನ. ವರ್ಷಕ್ಕೆ ಹನ್ನೊಂದು ದಿನ ಕೊರತೆ. ಅದನ್ನು ತುಂಬಲು ಅಧಿಕಮಾಸ ಬರುತ್ತದೆ. ಯಾವ ತಿಂಗಳು ಅಧಿಕ ಎಂದು ಗೊತ್ತುಮಾಡುವ ಸೂತ್ರ ಸರಳ: ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ ಬೀಳದಿದ್ದರೆ ಆ ತಿಂಗಳು ಅಧಿಕ. 2023ರಲ್ಲಿ ಸೂರ್ಯ ಕರ್ಕ ರಾಶಿ ಹೊಕ್ಕಿದ್ದು ಜುಲೈ 17ರ ಬೆಳಗಿನ ಜಾವ, ಸಿಂಹ ಹೊಕ್ಕಿದ್ದು ಆಗಸ್ಟ್ 17ರಂದು. ಜುಲೈ 18ರಿಂದ ಆಗಸ್ಟ್ 16ರವರೆಗಿನ ಚಾಂದ್ರಮಾಸಕ್ಕೆ ಒಂದೂ ಸಂಕ್ರಮಣ ದಕ್ಕಲಿಲ್ಲ. ಹಾಗಾಗಿ ಅದು ಅಧಿಕ ಶ್ರಾವಣವಾಯಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಸೂರ್ಯ ಇರುವಾಗ ನಕ್ಷತ್ರ ಕಾಣದು, ನಕ್ಷತ್ರ ಕಾಣುವಾಗ ಸೂರ್ಯ ಇರುವುದಿಲ್ಲ. ಅವನ ಬೆನ್ನ ಹಿಂದೆ ರೋಹಿಣಿ ಇದೆಯೋ ಕೃತ್ತಿಕೆ ಇದೆಯೋ ಹೇಗೆ ತಿಳಿಯುವುದು?

ಉತ್ತರ ಹುಣ್ಣಿಮೆಯ ಚಂದ್ರನ ಹತ್ತಿರ ಇದೆ. ಹುಣ್ಣಿಮೆಯ ದಿನ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ. ಚಂದ್ರನ ಪಕ್ಕದ ನಕ್ಷತ್ರ ಗುರುತಿಸಿ ಅಲ್ಲಿಂದ ಅರ್ಧ ಸುತ್ತು ಎಣಿಸಿದರೆ ಸೂರ್ಯನ ಮನೆ ಸಿಕ್ಕಿತು. ಚಂದ್ರಗ್ರಹಣವಾದರೆ ಇನ್ನೂ ಖಚಿತ, ಆಗ ಇಬ್ಬರೂ ನೂಲು ಹಿಡಿದಂತೆ ಎದುರುಬದುರು. ಮೇಷ ರಾಶಿ ಶುರುವಾಗುವ ಜಾಗದಲ್ಲಿ ಗುರುತಿಗೆ ಒದಗುವ ದೊಡ್ಡ ನಕ್ಷತ್ರವೇ ಇಲ್ಲ. ಅದಕ್ಕೆ ನೇರ ಎದುರು, 180 ಡಿಗ್ರಿ ದೂರದಲ್ಲಿ, ಚಿತ್ರಾ ಎಂಬ ನೀಲಿ ಬಿಳುಪಿನ ನಕ್ಷತ್ರ ಹೊಳೆಯುತ್ತದೆ. ಇಂದು ದೇಶದ ಬಹುತೇಕ ದೃಗ್ಗಣಿತ ಪಂಚಾಂಗಗಳು, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವಂತೆ ಲೆಕ್ಕ ಹಾಕುವ ಪಂಚಾಂಗಗಳು, ಒಪ್ಪಿರುವ ಗೂಟ ಅದೇ. ಏಪ್ರಿಲ್ 13, 14ರ ನಡುರಾತ್ರಿ ಮಂಗಳೂರಿನ ಕಡಲ ತೀರದಲ್ಲಿ ನಿಂತು ದಕ್ಷಿಣಕ್ಕೆ ತಲೆ ಎತ್ತಿದರೆ, ನೆತ್ತಿಯಿಂದ ತುಸು ಕೆಳಗೆ ಚಿತ್ರೆ ಕಾಣುತ್ತಾಳೆ. ಆಗ ಸೂರ್ಯ ನಿಂತವರ ಅಂಗಾಲಿನ ಆಚೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಮೇಷದ ಹೊಸ್ತಿಲಲ್ಲಿರುತ್ತಾನೆ.

ಆ ಹೊಸ್ತಿಲು ದಾಟಿದ್ದನ್ನೇ ತುಳುನಾಡು ಬಿಸು ಎಂದು ಹಬ್ಬ ಮಾಡುತ್ತದೆ. ಕರ್ನಾಟಕದಲ್ಲಿ ಈ ಕಾಲಗಣನೆಯನ್ನು ತಿಂಗಳ ಹೆಸರಿನವರೆಗೂ ಉಳಿಸಿಕೊಂಡವರು ತುಳುವರು ಮತ್ತು ಕೊಡವರು. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ: ಇವು ತುಳು ತಿಂಗಳುಗಳು, ಒಂದೊಂದೂ ಒಂದು ಸಂಕ್ರಮಣದ ಬೆನ್ನಿಗೆ ಶುರು. ಸಂಸ್ಕೃತದ ರಾಶಿನಾಮಗಳನ್ನು ಬದಿಗಿಟ್ಟು ಜನ ತಮ್ಮ ಬಾಯಿಗೆ ಒಗ್ಗಿದ ಹೆಸರು ಇಟ್ಟುಕೊಂಡಿದ್ದಾರೆ. ಕೊಡಗಿನಲ್ಲಿ ವರ್ಷದ ಮೊದಲ ದಿನ ಎಡ್ಮ್ಯಾರ್ ಒಂದ್, ಏಪ್ರಿಲ್ 14. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರಂದು, ಕಾಡಿನ ಮದ್ದು ಸೊಪ್ಪಿನ ರಸದಿಂದ ಪಾಯಸ ಮಾಡಿ ಉಣ್ಣುತ್ತಾರೆ. ತುಳುನಾಡಿನಲ್ಲಿ ಅದೇ ತಿಂಗಳು ಆಟಿ. ಆಟಿ ಅಮಾವಾಸ್ಯೆಯ ಮುಂಜಾನೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯದೆ ದಿನ ಶುರುವಾಗುವುದಿಲ್ಲ. ಎಡೆಬಿಡದ ಮಳೆಯ ತಿಂಗಳನ್ನು ಎರಡು ನೆರೆಯ ಜನ ಮದ್ದಿನಿಂದಲೇ ಎದುರಿಸುತ್ತಾರೆ.

ತುಳುನಾಡಿನ ಇನ್ನೊಂದು ದಿನವನ್ನು ಮಳೆ ನಕ್ಷತ್ರದ ಪಕ್ಕ ಇಟ್ಟು ನೋಡಬೇಕು: ಪತ್ತನಾಜೆ. ಬೇಶ ತಿಂಗಳ ಹತ್ತನೆಯ ದಿನ ಅದು, ಮೇ 24ರ ಸುಮಾರು. ಅಂದಿಗೆ ಕೋಲ, ನೇಮಗಳಿಗೆ ತೆರೆ ಬೀಳುತ್ತದೆ. ಊರೂರು ತಿರುಗುವ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬೇಶ ಎಂದರೆ ವೃಷಭ. ರೋಹಿಣಿ ನಕ್ಷತ್ರದ ಪಾಲು ಆರಂಭವಾಗುವುದು ವೃಷಭದ ಹತ್ತನೆಯ ಡಿಗ್ರಿಯಲ್ಲಿ. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸಾಗುವುದರಿಂದ ಹತ್ತನೆಯ ದಿನವೂ ಹತ್ತನೆಯ ಡಿಗ್ರಿಯೂ ಹತ್ತಿರ ಹತ್ತಿರ ಬರುತ್ತವೆ. ಘಟ್ಟದ ಮೇಲಿನ ರೈತ ರೋಹಿಣಿ ಮಳೆ ಹುಟ್ಟಿತು ಎನ್ನುವ ಹೊತ್ತಿಗೆ ಘಟ್ಟದ ಕೆಳಗೆ ಭಾಗವತರು ಚೆಂಡೆ ಮದ್ದಳೆಗಳನ್ನು ಕಟ್ಟಿಡುತ್ತಿರುತ್ತಾರೆ. ಬಯಲಾಟಕ್ಕೆ ಬಯಲು ಒದ್ದೆಯಾಗುವ ಕಾಲ ಬಂತೆಂದು ಇಬ್ಬರಿಗೂ ಒಂದೇ ಸೂರ್ಯ ಹೇಳಿದ್ದಾನೆ.

ಸೌರಮಾನ ಹಿಡಿದವರಿಗೂ ಚಾಂದ್ರಮಾನದವರಿಗೂ ಹಬ್ಬ ಬೇರೆಯಾಗುವುದನ್ನು 2025ರ ಕೃಷ್ಣ ಜನ್ಮಾಷ್ಟಮಿ ಎಲ್ಲರಿಗೂ ಕಾಣಿಸಿತು. ನಾಡಿನ ಹೆಚ್ಚಿನ ಕಡೆ ಅಷ್ಟಮಿ ಆಗಸ್ಟ್ 16ಕ್ಕೆ ಮುಗಿಯಿತು. ಉಡುಪಿಯಲ್ಲಿ ಸೆಪ್ಟೆಂಬರ್ 14ರಂದು ಅಷ್ಟಮಿ, ಮರುದಿನ ವಿಟ್ಲಪಿಂಡಿ. ಸುಮಾರು ಒಂದು ತಿಂಗಳ ಅಂತರ. ಉಡುಪಿಯ ಸಂಪ್ರದಾಯಕ್ಕೆ ಸೂರ್ಯ ಸಿಂಹದಲ್ಲಿರುವಾಗ ಬರುವ ಅಷ್ಟಮಿಯೇ ಬೇಕು. ಆ ವರ್ಷ ಸೂರ್ಯ ಸಿಂಹ ಪ್ರವೇಶಿಸಿದ್ದು ಆಗಸ್ಟ್ 17ರ ನಸುಕಿಗೆ, ಶ್ರಾವಣದ ಅಷ್ಟಮಿ ಅದಾಗಲೇ ದಾಟಿಹೋಗಿತ್ತು. ಗಂಟೆಗಳ ಲೆಕ್ಕದಲ್ಲಿ ತಪ್ಪಿದ್ದಕ್ಕೆ ಚಂದ್ರ ಪೂರ್ತಿ ಇನ್ನೊಂದು ಸುತ್ತು ಹಾಕಿ ಬರುವವರೆಗೆ ಕೃಷ್ಣನ ಊರು ಕಾದಿತು.

ಸಂಕ್ರಮಣದ ಗಳಿಗೆ ನಿಮಿಷದವರೆಗೂ ಮುಖ್ಯವಾಗುವ ಜಾಗ ಕರ್ನಾಟಕದಲ್ಲೊಂದಿದೆ. ತುಲಾ ಸಂಕ್ರಮಣದಂದು ತಲಕಾವೇರಿಯ ಬ್ರಹ್ಮಕುಂಡಿಕೆಯ ಮುಂದೆ ಸಾವಿರಾರು ಜನ ತೀರ್ಥೋದ್ಭವಕ್ಕೆ ಕಾಯುತ್ತಾರೆ. 2023ರಲ್ಲಿ ಅದರ ಮುಹೂರ್ತ ಅಕ್ಟೋಬರ್ 17ರ ರಾತ್ರಿ ಕಳೆದು 1.27ಕ್ಕೆ ಇತ್ತು. 2024ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7.40. 2025ರಲ್ಲಿ ಅದೇ ತಾರೀಖು ಮಧ್ಯಾಹ್ನ 1.44. ಪ್ರತಿ ವರ್ಷ ಆರು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ. ನಕ್ಷತ್ರಗಳ ನಡುವೆ ಸೂರ್ಯ ಒಂದು ಸುತ್ತು ಮುಗಿಸಲು 365 ದಿನ, 6 ಗಂಟೆ, 9 ನಿಮಿಷ, 10 ಸೆಕೆಂಡ್ ಬೇಕು. ಆ ಹೆಚ್ಚುವರಿ ಆರು ಗಂಟೆ ತಲಕಾವೇರಿಯಲ್ಲಿ ಕಣ್ಣಿಗೆ ಕಾಣುವಂತೆ ಬಂದು ನಿಲ್ಲುತ್ತದೆ. ನಡುವೆ 2024ರ ಫೆಬ್ರುವರಿ 29 ಬಾರದಿದ್ದರೆ ತಾರೀಖೂ ಮುಂದೆ ಹೋಗುತ್ತಿತ್ತು.

ಗಳಿಗೆ ಒಂದೇ ಆದರೂ ದಿನ ಎಲ್ಲರಿಗೂ ಒಂದೇ ಅಲ್ಲ. ಸಂಕ್ರಮಣ ಸೂರ್ಯಾಸ್ತಕ್ಕೆ ಮೊದಲು ಬಿದ್ದರೆ ತಮಿಳುನಾಡಿನಲ್ಲಿ ಅದೇ ದಿನ ತಿಂಗಳು ಶುರು. ಕೇರಳಕ್ಕೆ ಅದು ಹಗಲಿನ ಐದರಲ್ಲಿ ಮೂರು ಪಾಲು ಮುಗಿಯುವುದರೊಳಗೆ, ಅಂದರೆ ಮಧ್ಯಾಹ್ನ ಒಂದು ಗಂಟೆ ದಾಟಿ ಸ್ವಲ್ಪ ಹೊತ್ತಿನೊಳಗೆ, ಬೀಳಬೇಕು. ಬಂಗಾಳ ನಡುರಾತ್ರಿಯನ್ನು ಗಡಿ ಮಾಡಿಕೊಂಡು ಮರುದಿನ ತಿಂಗಳು ಎಣಿಸುತ್ತದೆ. 2023ರ ಏಪ್ರಿಲ್ 14ರಂದು ಮೇಷ ಸಂಕ್ರಮಣ ಮಧ್ಯಾಹ್ನ ಮೂರರ ಸುಮಾರಿಗೆ ಆಯಿತು. ಚೆನ್ನೈ ಅಂದೇ ಹೊಸ ವರ್ಷದ ಹಬ್ಬ ಪುತ್ತಾಂಡು ಆಚರಿಸಿತು. ಕೇರಳ ವಿಷುಕಣಿ ನೋಡಿದ್ದು 15ರ ಬೆಳಗಿನಲ್ಲಿ. ಇದನ್ನು ಪಂಚಾಂಗದ ಜಗಳ ಎಂದು ನೋಡುವುದು ಸರಿಯಲ್ಲ. ದಿನ ಎಲ್ಲಿ ತುಂಡಾಗಬೇಕು ಎಂಬುದಕ್ಕೆ ಪ್ರತಿ ನಾಡೂ ತನ್ನದೇ ಉತ್ತರ ಕಂಡುಕೊಂಡಿತ್ತು, ಅಷ್ಟೆ.

ತಿಂಗಳ ಉದ್ದವೂ ಒಂದೇ ಸಮ ಇಲ್ಲ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇದ್ದು ವೇಗವಾಗಿ ಓಡುತ್ತದೆ, ಜುಲೈ ಮೊದಲ ವಾರ ಅತಿ ದೂರದಲ್ಲಿ ನಿಧಾನವಾಗುತ್ತದೆ. ಹಾಗಾಗಿ ಧನುರ್ಮಾಸ ಇಪ್ಪತ್ತೊಂಬತ್ತೂವರೆ ದಿನಕ್ಕೆ ಮುಗಿದರೆ ಮಿಥುನಕ್ಕೆ ಮೂವತ್ತೊಂದೂವರೆ ದಿನ ಬೇಕು. ಈ ಪದ್ಧತಿಯನ್ನೇ ಸರ್ಕಾರಿ ಕಚೇರಿಗೆ ತಂದ ನೇಪಾಳದ ವಿಕ್ರಮ ಸಂವತ್ ಪಂಚಾಂಗದಲ್ಲಿ 29 ದಿನದ ತಿಂಗಳೂ ಉಂಟು, 32 ದಿನದ್ದೂ ಉಂಟು. ಯಾವ ವರ್ಷ ಯಾವುದಕ್ಕೆ ಎಷ್ಟು ಎಂದು ಕೋಷ್ಟಕ ನೋಡಿಯೇ ಹೇಳಬೇಕು. ಬಾಂಗ್ಲಾದೇಶ ಈ ತೊಡಕು ಬೇಡವೆಂದು ಹೊಸ ವರ್ಷವನ್ನು ಏಪ್ರಿಲ್ 14ಕ್ಕೆ ಕಟ್ಟಿಹಾಕಿತು. ಥಾಯ್ಲೆಂಡಿನ ನೀರೆರಚಾಟದ ಹಬ್ಬ ಸೊಂಕ್ರಾನ್ ಕೂಡ ಏಪ್ರಿಲ್ 13ರಿಂದ 15ಕ್ಕೆ ನಿಗದಿಯಾಗಿದೆ. ಆ ಹೆಸರು ನಮ್ಮ ಸಂಕ್ರಾಂತಿಯೇ.

ಇಲ್ಲಿಯವರೆಗೆ ಎಲ್ಲ ಸುಗಮ. ತೊಡಕು ಇರುವುದು ಇಪ್ಪತ್ತು ನಿಮಿಷದಲ್ಲಿ.

ನಕ್ಷತ್ರದಿಂದ ನಕ್ಷತ್ರಕ್ಕೆ ಸೂರ್ಯನ ಸುತ್ತು ಎಷ್ಟೆಂದು ಮೇಲೆ ಹೇಳಿದೆ. ಋತುವಿನಿಂದ ಋತುವಿಗೆ, ಹಗಲಿರುಳು ಸಮವಾಗುವ ವಸಂತದ ದಿನದಿಂದ ಮತ್ತೆ ಅದೇ ದಿನಕ್ಕೆ, ಹಿಡಿಯುವ ಕಾಲ ಸುಮಾರು 365 ದಿನ, 5 ಗಂಟೆ, 49 ನಿಮಿಷ. ಋತುಗಳ ವರ್ಷ ಇಪ್ಪತ್ತು ನಿಮಿಷ ಬೇಗ ಮುಗಿಯುತ್ತದೆ. ಕಾರಣ, ತಿರುಗುವ ಬುಗುರಿ ತೂಗಾಡುವ ಹಾಗೆ ಭೂಮಿಯ ಅಕ್ಷವೂ ತೂಗಾಡುತ್ತದೆ. ಸೊಂಟದ ಬಳಿ ಉಬ್ಬಿದ ಭೂಮಿಯನ್ನು ಸೂರ್ಯ ಚಂದ್ರರು ಜಗ್ಗುವುದರಿಂದ ಹಾಗಾಗುತ್ತದೆ. ಒಂದು ತೂಗಾಟಕ್ಕೆ ಸುಮಾರು 25,800 ವರ್ಷ. ಒಂದು ಜನ್ಮದಲ್ಲಿ ಒಂದು ದಿನದಷ್ಟು ವ್ಯತ್ಯಾಸ. ಸುಮಾರು 72 ವರ್ಷಕ್ಕೊಂದು ದಿನ. ಇದನ್ನು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಸಿನ ಹಿಪ್ಪಾರ್ಕಸ್ ಹಿಡಿದದ್ದೂ ಚಿತ್ರಾ ನಕ್ಷತ್ರದಿಂದಲೇ, ಚಂದ್ರಗ್ರಹಣದ ಸಹಾಯದಿಂದಲೇ. ಅವನಿಗಿಂತ ಸುಮಾರು 150 ವರ್ಷ ಹಿಂದೆ ಟಿಮೊಕಾರಿಸ್ ಎಂಬ ಖಗೋಳಜ್ಞ ಅಳೆದಾಗ ಶರತ್ಕಾಲದ ವಿಷುವ ಬಿಂದುವಿನಿಂದ ಚಿತ್ರಾ 8 ಡಿಗ್ರಿ ದೂರವಿತ್ತು, ತಾನು ಅಳೆದಾಗ 6 ಡಿಗ್ರಿ. ನಕ್ಷತ್ರ ಸರಿದಿಲ್ಲ, ಬಿಂದುವೇ ಸರಿದಿದೆ ಎಂದು ಅವನು ತಿಳಿದ.

ನಮ್ಮಲ್ಲೂ ಈ ಜಾರಿಕೆಯ ಸುಳಿವು ಇತ್ತು. ಸೂರ್ಯ ದಕ್ಷಿಣಕ್ಕೆ ತಿರುಗುವುದು ಆಶ್ಲೇಷದ ನಡುವಿನಲ್ಲಿ ಎಂದು ವೇದಾಂಗ ಜ್ಯೋತಿಷ ಹೇಳಿತ್ತು. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ, ಹಿಂದೆ ಹಾಗಿತ್ತು, ಈಗ ಕರ್ಕದ ಆರಂಭದಲ್ಲಿ ತಿರುಗುತ್ತಾನೆ ಎಂದು ಬರೆದ. ಶಾಸ್ತ್ರದ ಮಾತಿಗಿಂತ ಕಣ್ಣ ಮುಂದಿನ ಸೂರ್ಯ ದೊಡ್ಡವನು ಎಂದು ಒಪ್ಪಿದ ಆ ಸಾಲು ಭಾರತೀಯ ಖಗೋಳದ ಅತ್ಯಂತ ಪ್ರಾಮಾಣಿಕ ಸಾಲುಗಳಲ್ಲಿ ಒಂದು. ಇಂದು ಅದೇ ತಿರುವು ಇನ್ನೂ ಹಿಂದೆ, ಆರಿದ್ರಾ ಹೊಸ್ತಿಲಿಗೆ ಬಂದಿದೆ.

ಮಕರ ಸಂಕ್ರಾಂತಿಯನ್ನು ಉತ್ತರಾಯಣ ಎಂದು ಕರೆಯುವ ರೂಢಿ ವರಾಹಮಿಹಿರನ ಕಾಲಕ್ಕೆ ಹತ್ತಿರದ್ದು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿ ಈಗ ಜನವರಿ 14 ಅಥವಾ 15. ನಡುವೆ ಇಪ್ಪತ್ನಾಲ್ಕು ದಿನದ ಕಂದರ ಬಿದ್ದಿದೆ. ಅದು ಅಗಲವಾಗುವುದನ್ನು ಒಬ್ಬರ ಹುಟ್ಟುಹಬ್ಬದಿಂದ ಅಳೆಯಬಹುದು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು, 1863ರ ಜನವರಿ 12. ಇವತ್ತು ಅವರ ಜಯಂತಿ ಕಳೆದು ಎರಡು ಮೂರು ದಿನವಾದ ಮೇಲೆ ಎಳ್ಳು ಬೆಲ್ಲ ಬೀರುತ್ತೇವೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾಯ್ದ ಬಿಸಿಲು ಲಿಂಗವನ್ನು ಮುಟ್ಟುತ್ತದೆ. ಆ ಬಿಸಿಲು ಬೀಳುವ ಕೋನವನ್ನು ಗೊತ್ತುಮಾಡುವುದು ಋತುವೇ ಹೊರತು ರಾಶಿಯಲ್ಲ. ಡಿಸೆಂಬರ್ ತಿರುವಿನಿಂದ ಇಪ್ಪತ್ನಾಲ್ಕು ದಿನ ಮುಂದೆ ಇರುವ ಕೋನವೇ ಇಪ್ಪತ್ನಾಲ್ಕು ದಿನ ಹಿಂದೆ, ನವೆಂಬರ್ ಕೊನೆಯ ವಾರದಲ್ಲೂ ಇರುತ್ತದೆ. ಹಬ್ಬ ಮುಂದೆ ಸರಿಯುತ್ತಾ ಹೋದಂತೆ ಕಿರಣ ಮಾತ್ರ ತನ್ನ ಋತುವಿನಲ್ಲೇ ಉಳಿಯಲಿದೆ.

ಸ್ವತಂತ್ರ ಭಾರತ ಈ ಸಮಸ್ಯೆಯನ್ನು ನೇರವಾಗಿ ಎತ್ತಿಕೊಂಡಿತ್ತು. ಖಭೌತ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು, ಕಾರ್ಯದರ್ಶಿ ಎನ್. ಸಿ. ಲಾಹಿರಿ. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಬಗೆಯ ಪಂಚಾಂಗಗಳನ್ನು ಪರಿಶೀಲಿಸಿ 1955ರಲ್ಲಿ ಸಮಿತಿ ವರದಿ ಕೊಟ್ಟಿತು. ಸಹಾ ಅವರಿಗೆ ಸಂದೇಹವಿರಲಿಲ್ಲ: ಕಾಲಗಣನೆ ಋತುವಿಗೆ ಅಂಟಿಕೊಂಡಿರಬೇಕು. ಹಾಗಾಗಿ ರಾಷ್ಟ್ರೀಯ ಪಂಚಾಂಗದ ಚೈತ್ರ 1 ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ. ಹಬ್ಬಗಳ ವಿಷಯದಲ್ಲಿ ಅವರು ಒಂದು ರಾಜಿ ಸೂತ್ರ ಕೊಟ್ಟರು. ನಕ್ಷತ್ರಕ್ಕೂ ಋತುವಿಗೂ ಬಿದ್ದಿರುವ ಅಂತರವನ್ನು, ಅಂದರೆ ಅಯನಾಂಶವನ್ನು, 23 ಡಿಗ್ರಿ 15 ಕಲೆಗೆ ನಿಲ್ಲಿಸಿಬಿಡೋಣ. ಆದದ್ದು ಆಯಿತು, ಇನ್ನು ಮುಂದೆ ಜಾರುವುದು ಬೇಡ. ಪಂಚಾಂಗಕರ್ತರು ಒಪ್ಪಲಿಲ್ಲ. ಸಹಾ 1956ರ ಫೆಬ್ರುವರಿಯಲ್ಲಿ ತೀರಿಕೊಂಡರು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು. ಗೆಜೆಟ್ಟಿನ ತಲೆಯ ಮೇಲೆ ಆ ಪಂಚಾಂಗದ ದಿನಾಂಕ ಇಂದಿಗೂ ಇದೆ, ಜನರ ಬಾಯಲ್ಲಿ ಮಾತ್ರ ಇಲ್ಲ. ಆ ರಾಜಿ ಸೂತ್ರ ಇನ್ನಷ್ಟು ಗಂಭೀರ ಚರ್ಚೆಗೆ ಅರ್ಹವಾಗಿತ್ತು. ಹಬ್ಬವನ್ನೂ ಕೆಡಿಸದೆ ಋತುವನ್ನೂ ಬಿಡದೆ ಹೋಗುವ ದಾರಿ ಅದೊಂದೇ ಇತ್ತು.

ಹಾಗೆಂದು ಮಳೆ ನಕ್ಷತ್ರಗಳು ರೈತನ ಕೈ ಬಿಟ್ಟಿವೆಯೆ? ಸದ್ಯಕ್ಕೆ ಇಲ್ಲ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಕೆಲವು ವರ್ಷ ಒಂದು ವಾರ ಮೊದಲೇ, ಕೆಲವು ವರ್ಷ ಒಂದು ವಾರ ತಡವಾಗಿ ಬರುವುದು ಅದರ ಸ್ವಭಾವ. ವಾರದ ಏರುಪೇರಿನ ನಡುವೆ 72 ವರ್ಷಕ್ಕೆ ಒಂದು ದಿನದ ಜಾರಿಕೆ ಅಜ್ಜನಿಗೂ ಮೊಮ್ಮಗನಿಗೂ ಗೊತ್ತಾಗುವುದಿಲ್ಲ. ಮಿರಗ ಇವತ್ತಿಗೂ ಹೈದರಾಬಾದಿನಲ್ಲಿ ಮೀನಿನ ಪ್ರಸಾದಕ್ಕೆ ಜನ ಸಾಲು ನಿಲ್ಲುವ ದಿನ, ಬೆಳಗಾವಿ ಧಾರವಾಡಗಳಲ್ಲಿ ಕೂರಿಗೆ ಹೊರಗೆ ತೆಗೆಯುವ ದಿನ.

ಶತಮಾನಗಳ ಅಂತರದಲ್ಲಿ ನಿಂತು ನೋಡಿದರೆ ಮಾತ್ರ ಜಾರಿಕೆ ಎದ್ದು ಕಾಣುತ್ತದೆ, ಅದೂ ಆರಿದ್ರಾದಲ್ಲಿ. ಆರ್ದ್ರ ಎಂದರೆ ಒದ್ದೆ. ವರಾಹಮಿಹಿರನ ಕಾಲದಲ್ಲಿ ಸೂರ್ಯ ಆ ನಕ್ಷತ್ರ ಹೊಗುತ್ತಿದ್ದುದು ಇಂದಿನ ಲೆಕ್ಕದ ಜೂನ್ 1ರ ಸುಮಾರಿಗೆ, ಮುಂಗಾರು ಮೊದಲ ಹೆಜ್ಜೆ ಇಡುವ ದಿನಗಳಲ್ಲಿ. ಪಂಪ ಬದುಕಿದ್ದ 10ನೇ ಶತಮಾನಕ್ಕೆ ಅದು ಜೂನ್ 6ರ ಹೊತ್ತಿಗೆ ಬಂದಿತ್ತು. ವಿಜಯನಗರ ಹುಟ್ಟಿದ 1336ರಲ್ಲಿ ಜೂನ್ 12ರ ಆಸುಪಾಸು. ಈಗ ಜೂನ್ 22. ಇನ್ನು ಒಂಬೈನೂರೈವತ್ತು ವರ್ಷ ಇದೇ ಲೆಕ್ಕ ನಡೆದರೆ ಇಂದು ಮಿರಗ ಕೂಡುವ ದಿನಕ್ಕೆ ರೋಹಿಣಿ ಬಂದು ಕೂಡುತ್ತದೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ ಜೂನ್ ಮೊದಲ ವಾರದ ಕೊನೆಗೆ ಸರಿದು ಮಳೆಯೊಳಗೆ ಬೀಳುತ್ತದೆ.